ಚಳಿಗೆ ಗಂಧದ ಅತ್ತರು ಒಗ್ಗುತ್ತದೆಯೇ?

ಓದುಗರ ಪ್ರಶ್ನೆ, ಶಿರಸಿಯ ಗ್ರಂಧಿಗೆ ಅಂಗಡಿಯ ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ಜನವರಿಯಲ್ಲಿ ನನ್ನ ತಮ್ಮನ ಮದುವೆ. ಶಿರಸಿಯಲ್ಲಿ, ಬೆಳಗಿನ ಮುಹೂರ್ತ. ಆ ಹೊತ್ತಿಗೆ ಇಬ್ಬನಿ ಇನ್ನೂ ಬಿಟ್ಟಿರುವುದಿಲ್ಲ. ಬೇಸಿಗೆಯಲ್ಲಿ ನಾನು ಹಾಕಿಕೊಳ್ಳುವ ನಿಂಬೆ ಪರಿಮಳದ ಸ್ಪ್ರೇ ಚಳಿಯಲ್ಲಿ ಹಾಕಿದ್ದೇ ಗೊತ್ತಾಗುವುದಿಲ್ಲ. ಗಂಧದ್ದು ಏನಾದರೂ ತಗೊಳ್ಳೋಣ ಅಂದುಕೊಂಡರೆ, 'ಗಂಧ ಅಂದರೆ ತಂಪು, ಬೇಸಿಗೆಗೆ ಹಚ್ಚುವಂಥದ್ದು, ಚಳಿಗೆ ಯಾರು ಗಂಧ ಹಾಕುತ್ತಾರೆ?' ಅಂತ ಅತ್ತೆ ಕೇಳಿದರು. ಅವರು ಹೇಳಿದ್ದು ಸರಿಯೇ? ಸರಿಯಲ್ಲವಾದರೆ ಎಂಥದ್ದನ್ನು ತಗೊಳ್ಳಲಿ? ನನಗೆ ಗಾಢ ಪರಿಮಳಕ್ಕೆ ತಲೆನೋವು ಬರುತ್ತದೆ.
— ಸಿದ್ದಾಪುರದ ಓದುಗಿ

ಉತ್ತರ: ತಂಗೀ, ತೇದ ಗಂಧದ ಮಟ್ಟಿಗೆ ನಿಮ್ಮ ಅತ್ತೆಯ ಮಾತು ಪೂರ್ತಿ ಸರಿ. ಗಂಧದ ಅತ್ತರಿಗೆ ಮಾತ್ರ ಆ ಲೆಕ್ಕ ಹಿಡಿಯುವುದಿಲ್ಲ.

ಸಾಣೆಕಲ್ಲಿನ ಮೇಲೆ ನೀರು ಬಿಟ್ಟು ತೇದ ಗಂಧ ಹಣೆಗೆ ತಂಪೆನಿಸುವುದು ಬಹುಮಟ್ಟಿಗೆ ಅದರೊಳಗಿನ ನೀರಿನಿಂದ. ನೀರು ಆರುವಾಗ ಚರ್ಮದ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಆಯುರ್ವೇದವೂ ಚಂದನವನ್ನು ಶೀತವೀರ್ಯದ್ದು, ಅಂದರೆ ತಂಪು ಗುಣದ್ದು ಎಂದೇ ಹೇಳುತ್ತದೆ. ಆದರೆ ಅದೇ ಆಯುರ್ವೇದ ಏನು ಮಾಡಿದೆ ನೋಡಿ. ಚರಕಸಂಹಿತೆಯ ಋತುಚರ್ಯೆಯಲ್ಲಿ ಹೇಮಂತಕ್ಕೆ ಬಿಸಿ ಗುಣದ ಅಗರು ಮರದ ದಪ್ಪ ಲೇಪ ಹೇಳಿದ್ದಾರೆ, ಬೇಸಿಗೆಗೆ ಚಂದನ. ನಡುವಿನ ವಸಂತಕ್ಕೆ ಚಂದನ, ಅಗರು ಎರಡನ್ನೂ ಕೂಡಿಸಿದ್ದಾರೆ. ಅಂದರೆ ಗಂಧದ ಜೊತೆಗೆ ಬಿಸಿ ಗುಣದ್ದನ್ನು ಸೇರಿಸಿ ಹವೆಗೆ ಹೊಂದಿಸಿಕೊಳ್ಳುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಚಳಿಗಾಲಕ್ಕೆ ಗಂಧದ ಅತ್ತರು ಹುಡುಕುವವರಿಗೆ ನಾನು ಹೇಳುವುದೂ ಇದನ್ನೇ: ಬುಡದಲ್ಲಿ ಗಂಧ ಇರಲಿ, ಮೇಲೆ ಸಂಬಾರದ ಬಿಸಿ ಇರಲಿ.

ಇನ್ನು ಎಣ್ಣೆಯ ವಿಷಯ. ಗಂಧದ ಚಕ್ಕೆಯನ್ನು ಹಬೆಯಲ್ಲಿ ಎರಡು ಮೂರು ದಿನ ಬೇಯಿಸಿ ಇಳಿಸುವ ಎಣ್ಣೆಯಲ್ಲಿ ನೀರಿನ ಅಂಶ ಉಳಿಯುವುದಿಲ್ಲ. ಅದರ ಜೀವಾಳ ಸ್ಯಾಂಟಲಾಲ್ ಎಂಬ ಪದಾರ್ಥ. ಅದು ಕುದಿಯಬೇಕಾದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬೇಕು. ನಿಂಬೆ, ಕಿತ್ತಳೆ ಸಿಪ್ಪೆಯ ಲಿಮೋನಿನ್‌ಗೆ 176 ಡಿಗ್ರಿ ಸಾಕು. ನಿಮ್ಮ ನಿಂಬೆಯ ಸ್ಪ್ರೇ ಹಗುರವಾದದ್ದು. ಎಲ್ಲಿ ಹಾಕಿದರೂ ಬೇಗ ಹಾರುತ್ತದೆ, ಚಳಿಯ ಗಾಳಿಯಲ್ಲಿ ದೂರಕ್ಕೂ ಹೋಗುವುದಿಲ್ಲ. ಗಂಧ ಭಾರದ್ದು, ಮೈಗೆ ಅಂಟಿಕೊಂಡು ನಿಧಾನಕ್ಕೆ ಏಳುತ್ತದೆ. ಬೇಸಿಗೆಯ ಸೆಕೆಯಲ್ಲಿ ಕೇಸರಿ, ಅಗರು, ಸಂಬಾರ ಕೂಡಿದ ಗಂಧ ಒಮ್ಮೆಲೇ ಎದ್ದು ಮುಖಕ್ಕೆ ಬಡಿಯುತ್ತದೆ. ಚಳಿಯಲ್ಲಿ ಅದೇ ಅತ್ತರು ಹದವಾಗಿ, ಹತ್ತಿರ ಬಂದವರಿಗಷ್ಟೇ ಗೊತ್ತಾಗುವ ಹಾಗೆ ಇರುತ್ತದೆ.

ಹಾಗಂತ ಬರೀ ಗಂಧದೆಣ್ಣೆಯನ್ನೇ ಹಾಕಿಕೊಂಡರೆ ನಮ್ಮ ಘಟ್ಟದ ಮೇಲಿನ ಚಳಿಯಲ್ಲಿ ಅದು ಬಹಳ ಮೌನ. ನನಗಂತೂ ಆ ಮೌನವೇ ಇಷ್ಟ. ಮದುವೆಮನೆಗೆ ಅದು ಸಾಲದು. ಹೋಮದ ಹೊಗೆ, ತುಪ್ಪ, ಅಡಿಕೆಯ ಸಿಂಗಾರ, ತಲೆತುಂಬ ಮುಡಿದ ಮಲ್ಲಿಗೆ ಇವುಗಳ ನಡುವೆ ನಿಮ್ಮ ಅತ್ತರಿಗೂ ಒಂದು ದನಿ ಬೇಕು. ಅದಕ್ಕೆ ಏಲಕ್ಕಿ ಇದ್ದದ್ದನ್ನು ಹುಡುಕಿ. ಏಲಕ್ಕಿಗೆ ಒಂದು ಚುರುಕು ಇದೆ, ಮೊದಲ ಅರ್ಧ ಗಂಟೆ ಗಂಧವನ್ನು ಕೈಹಿಡಿದು ಹೊರಗೆ ಕರೆತರುತ್ತದೆ. ಆಮೇಲೆ ಜಾಯಿಕಾಯಿ ಅಥವಾ ಕೇಸರಿ. ಕಡೆಗೆ ಉಳಿಯುವುದು ಗಂಧ. ಈ ಮೂರು ಹಂತ ಇದ್ದರೆ ಅದು ಚಳಿಗೆ ಹೇಳಿ ಮಾಡಿಸಿದ ಅತ್ತರು. ವೆನಿಲ್ಲಾ ಧಾರಾಳ ಹಾಕಿ ಸಿಹಿ ಮಾಡಿದ ಗಂಧದ ಸ್ಪ್ರೇಗಳು ಈಗ ಬಹಳ ಬರುತ್ತಿವೆ. ನಿಮಗೆ ತಲೆನೋವು ಅಂದಿರಿ, ಅವುಗಳನ್ನು ಬಿಟ್ಟುಬಿಡಿ. ನಮ್ಮ ಅಂಗಡಿಗೆ ಬಂದು ತಲೆನೋವಿನ ದೂರು ಹೇಳುವವರ ಕೈಯಲ್ಲಿ ಹೆಚ್ಚಾಗಿ ಇರುವುದು ಅಂಥ ಸಿಹಿ ಬಾಟಲಿಯೇ.

ಹಳೇ ಪದ್ಧತಿಯದ್ದೇ ಬೇಕೆಂದರೆ ಕನೌಜಿನ ಶಮಾಮಾ ಎಂಬ ಸಂಬಾರದ ಅತ್ತರು ಕೇಳಿ. ಉತ್ತರ ಪ್ರದೇಶದ ಕನೌಜಿನಲ್ಲಿ ಇಂದಿಗೂ ತಾಮ್ರದ ಹಂಡೆಗೆ ಸೌದೆಯ ಉರಿ ಹಾಕಿ ಅತ್ತರು ಇಳಿಸುತ್ತಾರೆ. ಹಂಡೆಗೆ ಅವರು ಡೇಗ್ ಅನ್ನುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಹಾದು, ನೀರಿನ ತೊಟ್ಟಿಯಲ್ಲಿ ಕೂರಿಸಿದ ಭಪ್ಕಾ ಎಂಬ ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಗಂಧದೆಣ್ಣೆ ಇರುತ್ತದೆ, ಹಬೆಯ ಪರಿಮಳವನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಗುಲಾಬಿ, ಕೇದಗೆ, ಲಾವಂಚದ ಅತ್ತರು ಬೇಸಿಗೆಗೆ, ಶಮಾಮಾ ಮತ್ತು ಹಿನಾ ಚಳಿಗೆ ಎಂಬುದು ಅಲ್ಲಿನ ರೂಢಿ. ಶಮಾಮಾಕ್ಕೆ ಹಾಕುವ ಏಲಕ್ಕಿ, ಲವಂಗ, ಜಾಯಿಕಾಯಿ, ಜಾಪತ್ರೆ, ಜಟಾಮಾಂಸಿ, ಕಲ್ಲುಹೂವು ಎಲ್ಲ ನಮ್ಮ ಅಂಗಡಿಯ ಡಬ್ಬಿಗಳಲ್ಲೂ ಇರುವಂಥವೇ. ಅದರಲ್ಲೂ ಏಲಕ್ಕಿ, ಜಾಯಿಕಾಯಿ ನಮ್ಮ ತೋಟದಲ್ಲೇ ಬೆಳೆಯುವವು. ಹಾಗಾಗಿ ಶಮಾಮಾದ ಪರಿಮಳ ನಮ್ಮ ಸೀಮೆಯವರಿಗೆ ಮೊದಲ ಸಲವೂ ಹೊಸದೆನಿಸುವುದಿಲ್ಲ. ಅತ್ತರನ್ನು ತೊಲದ ಲೆಕ್ಕದಲ್ಲಿ ಮಾರುತ್ತಾರೆ. ಕಾಲು ತೊಲ, ಅಂದರೆ ಸುಮಾರು 3 ಮಿ.ಲೀ. ತಗೊಂಡರೆ ಈ ಮದುವೆಯ ಸಾಲೆಲ್ಲ ಮುಗಿದ ಮೇಲೂ ಉಳಿದಿರುತ್ತದೆ. ಈಗಿನ ಅಗ್ಗದ ಅತ್ತರುಗಳಲ್ಲಿ ಗಂಧದೆಣ್ಣೆಯ ಬದಲು ಲಿಕ್ವಿಡ್ ಪ್ಯಾರಾಫಿನ್ ಇರುತ್ತದೆ. 'ಬುಡಕ್ಕೆ ಏನು ಹಾಕಿದ್ದೀರಿ?' ಎಂದು ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಸಿಟ್ಟಾಗುವ ಅಂಗಡಿಯಲ್ಲಿ ಅತ್ತರು ಕೊಳ್ಳುವುದೇ ಬೇಡ.

ಸ್ಪ್ರೇಯೇ ಇರಲಿ ಎಂದರೆ 'ಓ ದ ಪರ್ಫ್ಯೂಮ್' ಎಂದು ಬರೆದದ್ದು ನೋಡಿ. ಅದರಲ್ಲಿ ಪರಿಮಳದ ಎಣ್ಣೆ ಸಾಮಾನ್ಯವಾಗಿ ಶೇ. 15ರಿಂದ 20 ಇರುತ್ತದೆ. ಕೊಲೋನ್‌ಗಳಲ್ಲಿ ಶೇ. 2ರಿಂದ 4 ಅಷ್ಟೇ, ಚಳಿಗೆ ಅದು ಏನೂ ಅಲ್ಲ.

ಹಚ್ಚುವ ರೀತಿ ಬಾಟಲಿಯಷ್ಟೇ ಮುಖ್ಯ. ಚಳಿಯಲ್ಲಿ ನಮ್ಮ ಚರ್ಮ ಒಣಗಿ ಬಿರಿಯುತ್ತದೆ, ಒಣ ಚರ್ಮದ ಮೇಲೆ ಯಾವ ಪರಿಮಳವೂ ನಿಲ್ಲುವುದಿಲ್ಲ. ಬಿಸಿನೀರು ಸ್ನಾನ ಮಾಡಿ, ಮೈ ಒರೆಸಿಕೊಂಡ ಕೂಡಲೇ ಪರಿಮಳವಿಲ್ಲದ ಕ್ರೀಮು ತೆಳ್ಳಗೆ ಹಚ್ಚಿಕೊಳ್ಳಿ. ಅತ್ತರಾದರೆ ಕಡ್ಡಿಯ ತುದಿಯಿಂದ ಕಿವಿಯ ಹಿಂದೆ, ಕತ್ತಿನ ಬುಡದಲ್ಲಿ, ಮೊಣಕೈ ಒಳಗೆ ಸೋಕಿಸಿದರೆ ಸಾಕು. ರವಿಕೆ, ಶಾಲಿನ ಅಡಿ ಮೈಬಿಸಿ ಕೂಡಿರುತ್ತದಲ್ಲ, ಗಂಧ ಏಳುವುದು ಅಲ್ಲಿಂದ. ಮಣಿಕಟ್ಟಿಗೆ ಮಣಿಕಟ್ಟು ಉಜ್ಜಬೇಡಿ. ಮನೆಯಿಂದ ಹೊರಡುವುದಕ್ಕೆ ಅರ್ಧ ಗಂಟೆ ಮೊದಲು ಹಚ್ಚಿ, ಆಮೇಲೆ ಸೀರೆ ಉಡಿ. ರೇಷ್ಮೆಗೆ ಅತ್ತರು ತಾಗಿದರೆ ಎಣ್ಣೆಯ ಕಲೆ ಬೀಳುತ್ತದೆ, ಧಾರೆ ಸೀರೆಯ ಕಲೆ ತೆಗೆಸುವುದು ಬಹಳ ಕಷ್ಟ. ಸ್ವಲ್ಪ ಹೊತ್ತಿಗೆ ನಿಮಗೇ ವಾಸನೆ ಬರುತ್ತಿಲ್ಲ ಅನ್ನಿಸುತ್ತದೆ. ಅದು ಮೂಗಿಗೆ ರೂಢಿಯಾದದ್ದು, ಅತ್ತರು ಹೋದದ್ದಲ್ಲ. ಮತ್ತೆ ಹಚ್ಚಿಕೊಂಡರೆ ತಲೆನೋವು ಶುರುವಾಗುವುದು ಅಲ್ಲಿಂದಲೇ. ಪಕ್ಕದಲ್ಲಿ ಕೂತವರನ್ನು ಕೇಳಿ ನೋಡಿ.

ನಿಮ್ಮ ಅತ್ತೆಯವರಿಗೂ ಒಂದು ಕಡ್ಡಿ ಹಚ್ಚಿ. ಅವರ ಮಾತು ಸುಳ್ಳಾಗಲಿಲ್ಲ ಎಂದೂ ಹೇಳಿ.

ಪ್ರಶ್ನೆ: ಶಿರಸಿಯವರಿಗೆ ಚಳಿ ಉಂಟು, ಒಪ್ಪಿದೆ. ನಮ್ಮ ಕಾರವಾರದಲ್ಲಿ ಚಳಿ ಅಂದರೆ ಬೆಳಿಗ್ಗೆ ಎಂಟು ಗಂಟೆವರೆಗೆ. ಮಧ್ಯಾಹ್ನ ಅಂಗಿ ಒದ್ದೆ. ನಮಗೆ ಯಾವುದು, ಅಕ್ಕಾ?
— ಕಾರವಾರದ ಓದುಗ

ಉತ್ತರ: ನನ್ನ ತವರು ಅಂಕೋಲೆ, ಕರಾವಳಿಯ ಡಿಸೆಂಬರ್ ನನಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ಘಟ್ಟದ ಕಡೆಯಿಂದ ಒಣಗಾಳಿ, ಮಧ್ಯಾಹ್ನ ಸಮುದ್ರದ ಕಡೆಯಿಂದ ಹಸಿಗಾಳಿ. ಒಂದೇ ದಿನಕ್ಕೆ ಎರಡು ಹವೆ. ಶಮಾಮಾ ಹಚ್ಚಿಕೊಂಡು ಬೆಳಿಗ್ಗೆ ಕಚೇರಿಗೆ ಹೋದರೆ ಮಧ್ಯಾಹ್ನ ಊಟದ ಹೊತ್ತಿಗೆ ನಿಮಗೂ ಪಕ್ಕದವರಿಗೂ ಉಸಿರು ಕಟ್ಟುತ್ತದೆ.

ನಾನು ಒಂದು ಗುರುತು ಇಟ್ಟುಕೊಂಡಿದ್ದೇನೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಎದ್ದಾಗ ಬಚ್ಚಲಿನ ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾಗಿದ್ದು, ಹೊತ್ತೇರಿದರೂ ಪೂರ್ತಿ ಕರಗದಿದ್ದರೆ ಅದು ಸಂಬಾರದ ಗಂಧ ಹಚ್ಚುವ ದಿನ. ಶಿರಸಿ, ಯಲ್ಲಾಪುರದಲ್ಲಿ ಅಂಥ ದಿನಗಳು ಸಾಕಷ್ಟು ಸಿಗುತ್ತವೆ. ಕಾರವಾರ, ಕುಮಟೆ, ಹೊನ್ನಾವರದಲ್ಲಿ ಎಣ್ಣೆ ಬೆಳಿಗ್ಗೆ ಗಟ್ಟಿಯಾದರೂ ತಿಂಡಿ ಮುಗಿಯುವುದರೊಳಗೆ ಕರಗಿರುತ್ತದೆ. ನಿಮಗೆ ಗಂಧಕ್ಕೆ ಲಾವಂಚ ಕೂಡಿದ್ದು ಸರಿ. ಲಾವಂಚದ ಎಣ್ಣೆಯೂ ಭಾರದ್ದೇ, ಬೇಗ ಹಾರುವುದಿಲ್ಲ, ಆದರೆ ಅದರ ಹಸಿ ಮಣ್ಣಿನ ವಾಸನೆ ಸೆಕೆಯಲ್ಲೂ ಹಿತ. ಸಂಬಾರದ ಗಂಧವನ್ನು ಸಂಜೆಗೆ ಇಟ್ಟುಕೊಳ್ಳಿ. ಬೀಚಿನ ಕಡೆ ಹೊರಟಾಗ, ರಾತ್ರಿ ಯಕ್ಷಗಾನಕ್ಕೆ ಶಾಲು ಹೊದ್ದು ಕೂರುವಾಗ ಹಚ್ಚಿ. ಫೆಬ್ರವರಿ, ಮಾರ್ಚ್ ಬಂತೆಂದರೆ ಇದೆಲ್ಲ ಬಿಟ್ಟು ನಮ್ಮ ಸುರಗಿ ಹೂವು ಇದ್ದೇ ಇದೆ.

ಪ್ರಶ್ನೆ: ಆನ್‌ಲೈನಿನಲ್ಲಿ 10 ಮಿ.ಲೀ. 'ಶುದ್ಧ ಮೈಸೂರು ಗಂಧದೆಣ್ಣೆ' 150 ರೂಪಾಯಿಗೆ ಸಿಕ್ಕಿತು. ವಾಸನೆ ಚೆನ್ನಾಗಿದೆ. ಅಸಲಿಯೋ ನಕಲಿಯೋ ಮನೆಯಲ್ಲಿ ನೋಡುವುದು ಹೇಗೆ?
— ಹೊನ್ನಾವರದ ಓದುಗ

ಉತ್ತರ: ಪರೀಕ್ಷೆ ಬೇಡ, ಬೆಲೆಯೇ ಹೇಳುತ್ತಿದೆ. ಅಸಲಿ ಗಂಧದೆಣ್ಣೆಯನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಮಾರುತ್ತಾರೆ. 150 ರೂಪಾಯಿಗೆ 10 ಮಿ.ಲೀ. ಯಾವ ಕಾಲಕ್ಕೂ ಬರುವುದಿಲ್ಲ.

ಯಾಕಿಷ್ಟು ಬೆಲೆ ಎಂದು ತಿಳಿದರೆ ಕೊಟ್ಟ ದುಡ್ಡಿಗೆ ಬೇಜಾರಾಗುವುದಿಲ್ಲ. ಶ್ರೀಗಂಧ ಅರೆಪರಾವಲಂಬಿ ಮರ. ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಕಚ್ಚಿಸಿ ನೀರು, ಸತ್ವ ಎಳೆದುಕೊಳ್ಳುತ್ತದೆ. ಅದಕ್ಕೇ ಗಂಧ ನೆಡುವವರು ಜೊತೆಗೆ ತೊಗರಿ, ಹೊಂಗೆ, ಗಾಳಿಮರ ನೆಡುತ್ತಾರೆ. ಹೊರಗಿನ ಬಿಳಿ ಭಾಗಕ್ಕೆ ಪರಿಮಳವೇ ಇಲ್ಲ. ಒಳಗಿನ ಚೇಗು ಬಲಿಯುವುದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ, ಒಳ್ಳೆಯ ಎಣ್ಣೆಗೆ 25-30 ವರ್ಷದ ಮರ ಬೇಕು. ಎಣ್ಣೆ ಹೆಚ್ಚಿರುವುದು ಬೇರಿನಲ್ಲಿ. ಹಾಗಾಗಿ ಈ ಮರವನ್ನು ಕಡಿಯುವುದಿಲ್ಲ, ಬುಡಸಮೇತ ಕೀಳುತ್ತಾರೆ. ಒಮ್ಮೆ ತೆಗೆದರೆ ಆ ಜಾಗದಲ್ಲಿ ಮತ್ತೆ ಒಂದು ತಲೆಮಾರು ಕಾಯಬೇಕು. 2001ರವರೆಗೆ ನಮ್ಮ ರಾಜ್ಯದಲ್ಲಿ ಸ್ವಂತ ಜಮೀನಿನಲ್ಲಿ ಹುಟ್ಟಿದ ಗಂಧವೂ ಸರ್ಕಾರದ್ದೇ ಆಗಿತ್ತು. ಬೆಳೆಸಿದರೆ ಕಳ್ಳರ ಭಯ, ಕಾನೂನಿನ ಭಯ. ರೈತರು ಸಸಿ ಕಂಡರೆ ಕಿತ್ತು ಹಾಕುವಂತಾಯಿತು. ಕಾನೂನು ಬದಲಾಗಿ ಬೆಳೆದವನೇ ಒಡೆಯ ಎಂದಾದದ್ದು ಬಹಳ ತಡವಾಗಿ. ಈ ವಿಷಯ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗಂಧದ ನಾಡು ಎಂದು ಹೆಸರು ಹೊತ್ತ ನಮ್ಮಲ್ಲಿ ಮರ ಇಷ್ಟು ಕಡಿಮೆಯಾಗಿ, ಭಾರತದ್ದೇ ಶ್ರೀಗಂಧವನ್ನು ಆಸ್ಟ್ರೇಲಿಯಾದ ಕನನುರಾದಲ್ಲಿ ನೀರಾವರಿ ತೋಟ ಮಾಡಿ ಬೆಳೆಯುವಂತಾಯಿತು.

ಮೊದಲನೇ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ ಇಲ್ಲೇ ಎಣ್ಣೆ ತೆಗೆಯೋಣ ಎಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರು ಸಂಸ್ಥಾನ ಆ ಕೆಲಸಕ್ಕೆ ಕೈಹಾಕಿತು. 1944ರಲ್ಲಿ ಶಿವಮೊಗ್ಗದಲ್ಲೂ ಕಾರ್ಖಾನೆ ಬಂತು. ಇಂದು ಅದು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್. ಮೈಸೂರು ಗಂಧದೆಣ್ಣೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅಸಲಿ ಎಣ್ಣೆ ಬೇಕಾದವರಿಗೆ ನಾನು ಅವರ ಮಳಿಗೆಯನ್ನೇ ತೋರಿಸುತ್ತೇನೆ.

ನಿಮ್ಮ ಬಾಟಲಿಯಲ್ಲಿರುವುದು ಬಹುಶಃ ಕೃತಕ ಗಂಧ. ಸ್ಯಾಂಡಲೋರ್, ಜಾವನಾಲ್, ಎಬನಾಲ್ ಎಂಬ ಹೆಸರಿನಲ್ಲಿ ಪ್ರಯೋಗಶಾಲೆಯಲ್ಲಿ ಮಾಡುವ ಪದಾರ್ಥಗಳಿವೆ. ಹೆಸರಾಂತ ಪರ್ಫ್ಯೂಮ್‌ಗಳಲ್ಲೂ ಅವೇ ಇವೆ, ಅವುಗಳಿಗೆ ಅವಮಾನ ಬೇಡ. ಕಾಡಿನ ಮೇಲಿನ ಭಾರವನ್ನೂ ಅವು ಇಳಿಸುತ್ತವೆ. ತಪ್ಪಿರುವುದು 'ಶುದ್ಧ ಮೈಸೂರು' ಎಂಬ ಚೀಟಿಯಲ್ಲಿ.

ಆದರೂ ನೋಡಬೇಕೆಂದರೆ ಒತ್ತುಕಾಗದದ ಮೇಲೆ ಒಂದು ಹನಿ ಬಿಟ್ಟು ಗಂಟೆಗೊಮ್ಮೆ ಮೂಸಿ. ಅಸಲಿ ಎಣ್ಣೆ ಮೊದಲಿಗೆ ಅಷ್ಟೇನೂ ಏಳುವುದಿಲ್ಲ, ಹಾಲಿನ ಕೆನೆಯಂಥ ಮೆತ್ತನೆಯ ಪರಿಮಳ, ಮರುದಿನವೂ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಮೊದಲೇ ಜೋರಾಗಿ ಸಿಹಿಯಾಗಿ ಎದ್ದು, ಸಂಜೆಗೆ ಜಿಡ್ಡಿನ ಕಲೆ ಮಾತ್ರ ಉಳಿದರೆ ಬೇರೆ ಎಣ್ಣೆ ಬೆರೆತಿದೆ. ಖಚಿತವಾಗಿ ಹೇಳುವುದು ಪ್ರಯೋಗಶಾಲೆ ಮಾತ್ರ. ಐಎಸ್‌ಒ ಮಾನದಂಡದಂತೆ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ. 16ರಿಂದ 24 ಇರಬೇಕು. ದೊಡ್ಡ ಮೊತ್ತಕ್ಕೆ ಕೊಳ್ಳುವವರು ಆ ವರದಿ ಕೇಳಿ ಪಡೆಯಿರಿ.

ಪ್ರಶ್ನೆ: ಅಜ್ಜಿಯ ಕಾಲದ ಗಂಧದ ಪೆಟ್ಟಿಗೆ ಇದೆ, ಗುಡಿಗಾರರು ಕೆತ್ತಿದ್ದು. ಪರಿಮಳ ಪೂರ್ತಿ ಹೋಗಿದೆ. ಗಂಧದ ಅತ್ತರು ಸುರಿದರೆ ಬರುತ್ತದಾ?
— ಕುಮಟೆಯ ಓದುಗಿ

ಉತ್ತರ: ಅಯ್ಯೋ, ಸುರಿಯಬೇಡಿ! ಕೆತ್ತನೆಯ ಸಂದಿಯಲ್ಲಿ ಎಣ್ಣೆ ಕೂತು ಧೂಳು ಹಿಡಿದು ಕಪ್ಪಾಗುತ್ತದೆ. ಕುಮಟೆ, ಹೊನ್ನಾವರ, ಶಿರಸಿ, ಸಾಗರ, ಸೊರಬದ ಗುಡಿಗಾರರ ಕೈಕೆಲಸ ಈಗ ಹಾಗೆ ಸಿಗುವಂಥದ್ದಲ್ಲ. ಮೇಲಿನ ಪದರದ ಎಣ್ಣೆ ಹಾರಿಹೋಗಿದೆ ಅಷ್ಟೇ, ಮರದ ಒಳಗೆ ಇನ್ನೂ ಇದೆ. ಹೊರಗಿನ ಕೆತ್ತನೆ ಮುಟ್ಟದೆ, ಮುಚ್ಚಳದ ಒಳಬದಿಯಲ್ಲಿ ಕೆತ್ತನೆಯಿಲ್ಲದ ಜಾಗವನ್ನು ತೀರಾ ನಯವಾದ ಮರಳು ಕಾಗದದಿಂದ ಹಗುರವಾಗಿ ಉಜ್ಜಿ. ಚೇಗಿನ ಗಂಧವಾದರೆ ಪರಿಮಳ ಮರಳುತ್ತದೆ. ಉದುರಿದ ಪುಡಿಯನ್ನೂ ಎಸೆಯಬೇಡಿ, ತೆಳು ಬಟ್ಟೆಯಲ್ಲಿ ಕಟ್ಟಿ ಉಣ್ಣೆ ಶಾಲಿನ ಮಡಿಕೆಯಲ್ಲಿ ಇಡಿ. ಚಳಿಗೆ ಹೊದೆಯುವ ಶಾಲಿಗೆ ಅಷ್ಟು ಪರಿಮಳ ಧಾರಾಳ.

ಪ್ರಶ್ನೆ: ನಾನು ಗಂಧದ ಸ್ಪ್ರೇ ಹಾಕಿಕೊಂಡರೆ ಮನೆಯವರು 'ಏನೂ ವಾಸನೆಯೇ ಇಲ್ಲ' ಅನ್ನುತ್ತಾರೆ. ಮಗಳಿಗೆ ಜೋರಾಗಿ ಬರುತ್ತದಂತೆ.
— ಯಲ್ಲಾಪುರದ ಓದುಗಿ

ಉತ್ತರ: ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಕೆಲವು ಗಂಧದ ಪದಾರ್ಥಗಳು ಕೆಲವರ ಮೂಗಿಗೆ ಗೊತ್ತೇ ಆಗುವುದಿಲ್ಲ, ಅದು ಹುಟ್ಟಿನಿಂದ ಬಂದದ್ದು. ಅವರಿಗೆ ತೇದ ಗಂಧ ಮೂಸಲು ಕೊಡಿ. ಅದು ಗೊತ್ತಾದರೆ, ಬೇರೆ ಗಂಧ ಬಳಸಿದ ಬಾಟಲಿ ಹುಡುಕಿ.

ಪ್ರಶ್ನೆ: ಸ್ಪ್ರೇಯಲ್ಲಿನ ಮದ್ಯಸಾರಕ್ಕೆ ನನ್ನ ಚರ್ಮ ಉರಿಯುತ್ತದೆ. ಚಳಿಗೆ ಗಂಧದ ಮುಲಾಮಿನಂಥದ್ದು ಮನೆಯಲ್ಲೇ ಮಾಡಬಹುದೇ?
— ಶಿರಸಿಯ ಕಾಲೇಜು ವಿದ್ಯಾರ್ಥಿನಿ

ಉತ್ತರ: ಖಂಡಿತ ಮಾಡಬಹುದು, ಅದಕ್ಕೆ ಬೇಕಾದದ್ದು ನಮ್ಮೂರಲ್ಲೇ ಸಿಗುತ್ತದೆ. ಶುದ್ಧ ಜೇನುಮೇಣ ಒಂದು ಪಾಲು, ತೆಂಗಿನೆಣ್ಣೆ ನಾಲ್ಕು ಪಾಲು. ತೆಂಗಿನೆಣ್ಣೆಯಲ್ಲಿ ಒಂದೆರಡು ಏಲಕ್ಕಿ ಜಜ್ಜಿ ಹಾಕಿ, ಪಾತ್ರೆಯನ್ನು ಬಿಸಿನೀರಿನಲ್ಲಿ ಕೂರಿಸಿ ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಡಿ. ನೇರ ಒಲೆಯ ಮೇಲೆ ಇಟ್ಟರೆ ಏಲಕ್ಕಿ ಕರಟುತ್ತದೆ. ಸೋಸಿ, ಅದರಲ್ಲೇ ಮೇಣ ಕರಗಿಸಿ, ಕೆಳಗಿಳಿಸಿ. ಬೆರಳಿಗೆ ಬೆಚ್ಚಗೆನಿಸುವಷ್ಟು ಆರಿದ ಮೇಲೆ, ಗಟ್ಟಿಯಾಗುವುದಕ್ಕೆ ಮೊದಲು, 10 ಮಿ.ಲೀ.ಗೆ ಅಸಲಿ ಗಂಧದೆಣ್ಣೆ ನಾಲ್ಕು ಹನಿ ಹಾಕಿ ಕಲಕಿ ಡಬ್ಬಿಗೆ ಹೊಯ್ಯಿರಿ. ಇದು ಶೇ. 2ರ ಒಳಗೇ ಇರುತ್ತದೆ, ಚರ್ಮಕ್ಕೆ ಅದನ್ನು ಮೀರಬಾರದು. ಇನ್ನಷ್ಟು ಬಿಸಿ ಬೇಕೆಂದು ಲವಂಗದೆಣ್ಣೆ, ದಾಲ್ಚಿನ್ನಿ ಎಣ್ಣೆ ಸೇರಿಸಲು ಹೋಗಬೇಡಿ, ನಿಮ್ಮಂಥ ಚರ್ಮಕ್ಕೆ ಅವು ಮದ್ಯಸಾರಕ್ಕಿಂತ ಹೆಚ್ಚು ಉರಿ. ಮೊಣಕೈ ಒಳಗೆ ಚೂರು ಹಚ್ಚಿ ಒಂದು ದಿನ ಬಿಟ್ಟು ನೋಡಿ. ಕೆಂಪಾಗದಿದ್ದರೆ ಕತ್ತಿಗೆ ಹಚ್ಚಿಕೊಳ್ಳಿ. ಡಬ್ಬಿಯೊಳಗೆ ನೀರು ತಾಗದಂತೆ ಒಣ ಬೆರಳಿನಲ್ಲೇ ತೆಗೆಯಿರಿ.